ಮಿದುಳಿನ ಸಾವಾದ ಮೇಲೂ ಎದೆಬಡಿತ ಏರಿಳಿದದ್ದೇಕೆ?

ಪ್ರಶ್ನೆ: ಗಿರಿನಗರ ವಾಸಿ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಚಿಕ್ಕಪ್ಪನವರು ತೀರಿಕೊಂಡರು. ಅವರಿಗೆ 52 ವರ್ಷ. ಗಾಂಧಿ ಬಜಾರಿನಲ್ಲಿ ಹೂವಿನ ವ್ಯಾಪಾರ ಮಾಡುತ್ತಿದ್ದರು. ರಕ್ತದೊತ್ತಡ ಇದೆಯೆಂದು ಗೊತ್ತಿದ್ದರೂ ನೆನಪಾದಾಗ ಮಾತ್ರೆ ನುಂಗಿ, ಮರೆತಾಗ ಬಿಟ್ಟು ವರ್ಷಗಳನ್ನು ತಳ್ಳಿದ್ದರು. ಒಂದು ಭಾನುವಾರ ರಾತ್ರಿ ಊಟಕ್ಕೆ ಕುಳಿತವರು ತಲೆ ಸಿಡಿಯುತ್ತಿದೆ ಎಂದು ಹೇಳಿ ಅಲ್ಲಿಯೇ ಗೋಡೆಗೆ ಒರಗಿದರು. ಮಿದುಳಿನೊಳಗೆ ದೊಡ್ಡ ರಕ್ತಸ್ರಾವವಾಗಿದೆ, ಶಸ್ತ್ರಕ್ರಿಯೆಯಿಂದ ಪ್ರಯೋಜನವಾಗದು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಬುಧವಾರ ಮಿದುಳಿನ ಸಾವು ಖಚಿತವಾಯಿತೆಂದರು. ಚಿಕ್ಕಮ್ಮ ಒಪ್ಪಿದ್ದರಿಂದ ಮೂತ್ರಪಿಂಡ, ಯಕೃತ್ತು ಮತ್ತು ಕಣ್ಣುಗಳನ್ನು ದಾನ ಮಾಡಿದೆವು.

ನಾನು ಆ ಮೂರು ದಿನವೂ ಐಸಿಯುವಿನಲ್ಲಿ ಅವರ ಹಾಸಿಗೆಯ ಪಕ್ಕದ ಮಾನಿಟರನ್ನೇ ನೋಡುತ್ತಿದ್ದೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಮಂಗಳವಾರ ಬೆಳಗಿನ ಜಾವ ನಾಲ್ಕರ ಸುಮಾರಿಗೆ ರಕ್ತದೊತ್ತಡ 230ಕ್ಕೆ ಏರಿತು. ಅದೇ ಹೊತ್ತಿಗೆ ನಾಡಿ 44ಕ್ಕೆ ಇಳಿದಿತ್ತು. ಅರ್ಧ ಗಂಟೆಯೊಳಗೆ ನಾಡಿ 150 ದಾಟಿ, ತೆರೆಯ ಮೇಲಿನ ಗೆರೆ ಅಡ್ಡಾದಿಡ್ಡಿಯಾಗಿ ಓಡತೊಡಗಿತು. ಅನಂತರ ರಕ್ತದೊತ್ತಡ ಏಕಾಏಕಿ 70ಕ್ಕೆ ಕುಸಿಯಿತು. ಔಷಧಿಯ ಪಂಪುಗಳನ್ನು ಹಚ್ಚಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ನಾಡಿ 88ಕ್ಕೆ ಬಂದು ನಿಂತಿತು. ನಿಂತಿತು ಎಂದರೆ ನಿಜಕ್ಕೂ ನಿಂತೇಬಿಟ್ಟಿತು: ಚಿಕ್ಕಮ್ಮ ಕಿವಿಯ ಬಳಿ ಬಾಗಿ ಕರೆದಾಗಲೂ 88, ಮಗಳು ಅತ್ತಾಗಲೂ 88. ಅಂದು ರಾತ್ರಿ ಮೈ ತಣ್ಣಗಾಗಿ ಉಷ್ಣಾಂಶ 33 ಡಿಗ್ರಿಗೆ ಇಳಿದಾಗ ನಾಡಿ 52 ಆಯಿತು. ಅಲ್ಲಿದ್ದ ಕಿರಿಯ ವೈದ್ಯರು ಇನ್ನೊಬ್ಬರಿಗೆ ‘ಅಟ್ರೋಪಿನ್ ಕೊಟ್ಟು ಪ್ರಯೋಜನವಿಲ್ಲ’ ಎಂದದ್ದು ನನ್ನ ಕಿವಿಗೆ ಬಿತ್ತು. ಅವರು ಕೈಬಿಟ್ಟರೆಂದೇ ನಾನು ತಿಳಿದೆ. ಆದರೆ ಬಿಸಿಗಾಳಿಯ ಹೊದಿಕೆ ಹಾಕಿದ ಮೇಲೆ ಬೆಳಗಾಗುವಷ್ಟರಲ್ಲಿ ನಾಡಿ ಮತ್ತೆ ಮೇಲೇರಿತ್ತು.

ಮಿದುಳು ಸತ್ತಿದ್ದರೆ ಇಷ್ಟೆಲ್ಲ ಏರಿಳಿತ ಏಕಾಯಿತು? 52ರಿಂದ ಮೇಲೇರಿದ್ದು ಚೇತರಿಕೆಯ ಗುರುತಾಗಿತ್ತೇ? ಅಂಗಾಂಗ ತೆಗೆಯುವಾಗ ಶಸ್ತ್ರಕ್ರಿಯಾ ಕೊಠಡಿಯಲ್ಲಿ ದಾನಿಯ ನಾಡಿಯೂ ರಕ್ತದೊತ್ತಡವೂ ಏರುವುದುಂಟು ಎಂದು ಬಂಧುವೊಬ್ಬರು ಆಮೇಲೆ ಹೇಳಿದರು. ಹಾಗಾದರೆ ಅವರಿಗೆ ನೋವಾಗಿರಬಹುದೇ? ಹೃದಯವನ್ನು ಮಾತ್ರ ತೆಗೆದುಕೊಳ್ಳಲಿಲ್ಲವೇಕೆ? ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿಸಿಕೊಳ್ಳುವಾಗ ತೋರಿದ ತಾಳ್ಮೆಯನ್ನು ಈ ಪ್ರಶ್ನೆಗಳಿಗೆ ಯಾರೂ ತೋರಲಿಲ್ಲ. ‘ಎದೆ ಹೊಡ್ಕೋತಾನೇ ಇತ್ತಲ್ಲೋ, ನಾವು ಆತುರಪಟ್ವೇನೋ’ ಎಂದು ಚಿಕ್ಕಮ್ಮ ಈಗಲೂ ರಾತ್ರಿ ಎದ್ದು ಕೂರುತ್ತಾರೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ 1: ಅರಿವಳಿಕೆ ಮತ್ತು ತೀವ್ರನಿಗಾ ವೈದ್ಯ, ಜಯನಗರ

ನಿಮ್ಮ ಚಿಕ್ಕಮ್ಮನವರಿಗೆ ಮೊದಲು ಇಷ್ಟು ತಿಳಿಸಿ: ನೀವು ಬರೆದಿರುವ ಒಂದೊಂದು ಅಂಕಿಯೂ ಮಿದುಳಿನ ಸಾವು ನಡೆದ ಬಗೆಗೆ ಹೊಂದಿಕೊಳ್ಳುತ್ತದೆ, ಯಾವುದೊಂದೂ ಚೇತರಿಕೆಯ ಕಡೆಗೆ ಬೆರಳು ಮಾಡುವುದಿಲ್ಲ. ನಾನು ಚಿಕಿತ್ಸೆ ನೀಡಿದವನಲ್ಲ, ಕಡತವನ್ನೂ ನೋಡಿಲ್ಲ. ಆದರೆ ಇದೇ ಕ್ರಮವನ್ನು ಹಾಸಿಗೆಯ ಪಕ್ಕದಲ್ಲಿ ನಿಂತು ಹಲವು ಬಾರಿ ನೋಡಿದ್ದೇನೆ.

ಹೃದಯ ಬಡಿಯಲು ಮಿದುಳಿನ ಅಪ್ಪಣೆ ಬೇಕಿಲ್ಲ. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಸೈನಸ್ ನೋಡ್ ಎಂಬ ಸಣ್ಣ ಜೀವಕೋಶಗಳ ಗುಂಪು ತಾನಾಗಿಯೇ ವಿದ್ಯುತ್ ಮಿಡಿತವನ್ನು ಹುಟ್ಟಿಸುತ್ತದೆ. ಹಿಂದೆ ಪಿಯುಸಿ, ಪದವಿಯಲ್ಲಿ ಜೀವಶಾಸ್ತ್ರ ಓದಿದವರಿಗೆ, ದೇಹದಿಂದ ಬೇರ್ಪಡಿಸಿದ ಕಪ್ಪೆಯ ಹೃದಯ ಲವಣದ್ರಾವಣದಲ್ಲಿ ಬಹಳ ಹೊತ್ತು ಬಡಿಯುತ್ತಿದ್ದದ್ದು ನೆನಪಿರಬಹುದು. ಮಿದುಳು ಮಾಡುವುದು ಆ ಬಡಿತದ ವೇಗವನ್ನು ಹೊತ್ತಿಗೆ ತಕ್ಕಂತೆ ಹೊಂದಿಸುವ ಕೆಲಸವನ್ನು. ಮಿದುಳಿನ ಬುಡದಲ್ಲಿ ಬೆನ್ನುಹುರಿಗೆ ಕೂಡುವ ಭಾಗವಾದ ಮಿದುಳುಕಾಂಡದಿಂದ ಹೊರಡುವ ವೇಗಸ್ ನರ ಬಡಿತವನ್ನು ನಿಧಾನಗೊಳಿಸುತ್ತದೆ. ಅಲ್ಲಿಂದಲೇ ಬೆನ್ನುಹುರಿಯ ಮೂಲಕ ಇಳಿದುಬರುವ ಸಿಂಪಥೆಟಿಕ್ ನರಗಳು ಅದನ್ನು ಚುರುಕುಗೊಳಿಸುತ್ತವೆ. ವೆಂಟಿಲೇಟರ್ ಆಮ್ಲಜನಕವನ್ನು ಒದಗಿಸುತ್ತಿರುವವರೆಗೆ, ಈ ಎರಡೂ ಕೈಗಳು ಹೋದ ಮೇಲೂ, ಹೃದಯ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಡಿಯಬಲ್ಲದು.

ಮಂಗಳವಾರ ಬೆಳಗಿನ ಜಾವಕ್ಕೆ ಬರೋಣ. ತಲೆಬುರುಡೆ ಹಿಗ್ಗದ ಗಡಿಗೆ ಇದ್ದಂತೆ. ಒಳಗೆ ರಕ್ತ ತುಂಬಿ, ಮಿದುಳು ಊದಿಕೊಂಡು, ಒಳಗಿನ ಒತ್ತಡ ಏರಿದಾಗ ರಕ್ತವು ಮೇಲಕ್ಕೆ ಹತ್ತಲಾರದೆ ಹೋಗುತ್ತದೆ. ಆಗ ಮಿದುಳುಕಾಂಡ ತನಗೆ ಬರಬೇಕಾದ ರಕ್ತಕ್ಕಾಗಿ ಇಡೀ ದೇಹದ ರಕ್ತದೊತ್ತಡವನ್ನು ಏರಿಸುತ್ತದೆ. ಏರಿದ ಒತ್ತಡವನ್ನು ಕತ್ತಿನ ರಕ್ತನಾಳಗಳಲ್ಲಿರುವ ಗ್ರಾಹಕಗಳು ಗುರುತಿಸಿ, ವೇಗಸ್ ನರದ ಮೂಲಕ ನಾಡಿಯನ್ನು ಇಳಿಸುತ್ತವೆ. ಒತ್ತಡ 230, ನಾಡಿ 44 ಎಂದು ನೀವು ಕಂಡದ್ದು ಇದನ್ನೇ. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ಅದು ಮಿದುಳುಕಾಂಡದ ಕೊನೆಯ ಹೋರಾಟ.

ಅನಂತರ ಹಾನಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮಿದುಳುಕಾಂಡದ ತಳಭಾಗದಲ್ಲಿರುವ ವೇಗಸ್ ಕೇಂದ್ರವೂ ಸತ್ತಾಗ ತಡೆಯುವ ಕೈ ಇಲ್ಲವಾಗಿ, ಸಿಂಪಥೆಟಿಕ್ ನರಗಳೂ ಅಡ್ರಿನಲ್ ಗ್ರಂಥಿಗಳೂ ಎಗ್ಗಿಲ್ಲದೆ ರಾಸಾಯನಿಕಗಳನ್ನು ಸುರಿಸುತ್ತವೆ. ನಾವು ಇದನ್ನು ಸಿಂಪಥೆಟಿಕ್ ಬಿರುಗಾಳಿ ಎನ್ನುತ್ತೇವೆ. ನಾಡಿ 150 ದಾಟಿದ್ದು, ನಡುನಡುವೆ ಹೃದಯದ ಕೆಳಕೋಣೆಗಳಾದ ಕುಹರಗಳಿಂದ ಹೆಚ್ಚುವರಿ ಬಡಿತಗಳು ಹುಟ್ಟಿ ಗೆರೆ ಅಡ್ಡಾದಿಡ್ಡಿಯಾದದ್ದು ಆಗ. ಆ ಹೊತ್ತಿನಲ್ಲಿ ಇಸಿಜಿ ತೆಗೆದರೆ ಹೃದಯಾಘಾತವೇ ಆಗಿದೆಯೋ ಎನ್ನುವಂತೆ ಕಾಣುವುದುಂಟು. ಬಿರುಗಾಳಿ ಹೆಚ್ಚು ಹೊತ್ತು ಇರುವುದಿಲ್ಲ. ಮಿದುಳುಕಾಂಡದಿಂದ ಬೆನ್ನುಹುರಿಗೆ ಬರುವ ಪ್ರಚೋದನೆ ಪೂರ್ತಿ ನಿಂತೊಡನೆ ರಕ್ತನಾಳಗಳು ಸಡಿಲಗೊಂಡು ಒತ್ತಡ ಕುಸಿಯುತ್ತದೆ. ಅದೇ ನೀವು ಕಂಡ 70.

ಇನ್ನು ಆ ಅಲುಗದ 88. ನನಗೆ ಅತ್ಯಂತ ಮುಖ್ಯವೆಂದು ತೋರುವ ಅಂಕಿ ಇದೇ. ಬದುಕಿರುವವರ ನಾಡಿ ಸಾಮಾನ್ಯವಾಗಿ ಹೀಗೆ ಒಂದೇ ಕಡೆ ನಿಲ್ಲುವುದಿಲ್ಲ. ಉಸಿರು ಎಳೆದಾಗ ತುಸು ಏರುತ್ತದೆ, ಬಿಟ್ಟಾಗ ತುಸು ಇಳಿಯುತ್ತದೆ. ಮಾತು ಕಿವಿಗೆ ಬಿದ್ದರೆ, ನೋವಾದರೆ, ಕನಸು ಬಿದ್ದರೂ ಬದಲಾಗುತ್ತದೆ. ಆ ಸಣ್ಣ ಸಣ್ಣ ತೊನೆದಾಟವೆಲ್ಲ ಮಿದುಳಿನದು. ಅದು ಅಳಿದ ಮೇಲೆ ಉಳಿಯುವುದು ಸೈನಸ್ ನೋಡಿನ ಸ್ವಂತ ವೇಗ ಮಾತ್ರ. ನರಗಳ ಪ್ರಭಾವವನ್ನು ಔಷಧಿಯಿಂದ ತಡೆದು ಈ ಸ್ವಂತ ವೇಗವನ್ನು ಅಳೆದವರು, 118ರಿಂದ ವಯಸ್ಸಿನ 0.57 ಭಾಗವನ್ನು ಕಳೆಯಬೇಕೆಂಬ ಸೂತ್ರವನ್ನು ಕೊಟ್ಟಿದ್ದಾರೆ. 52 ವರ್ಷದವರಿಗೆ ಲೆಕ್ಕ ಹಾಕಿದರೆ ಸುಮಾರು 88 ಬರುತ್ತದೆ. ಪಂಪಿನಲ್ಲಿ ಹೋಗುತ್ತಿದ್ದ ಔಷಧಿಗಳ ಪ್ರಭಾವವೂ ಇರುವುದರಿಂದ ಲೆಕ್ಕ ಇಷ್ಟು ಸರಿಯಾಗಿ ಕೂಡಿದ್ದು ಆಕಸ್ಮಿಕವೂ ಇರಬಹುದು. ಆದರೂ ನಿಮ್ಮ ಅಂಕಿಯನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ರಾತ್ರಿ 52ಕ್ಕೆ ಇಳಿದದ್ದು ಚಳಿಯಿಂದ. ಮೈಯ ಬಿಸಿಯನ್ನು ಕಾಯುವ ಹೈಪೊಥಲಾಮಸ್ ಮಿದುಳಿನಲ್ಲೇ ಇದೆ. ಅದು ಹೋದ ಮೇಲೆ ದೇಹ ಕೊಠಡಿಯ ಉಷ್ಣಾಂಶದ ಕಡೆಗೆ ಜಾರುತ್ತದೆ, ತಣ್ಣಗಾದ ಸೈನಸ್ ನೋಡ್ ನಿಧಾನವಾಗುತ್ತದೆ. ಬಿಸಿ ಮಾಡಿದರೆ ವೇಗ ಮರಳುತ್ತದೆ. ಆದ್ದರಿಂದ ಆ ಏರಿಕೆ ಹೊದಿಕೆಯದು, ಮಿದುಳಿನದಲ್ಲ. ಮೈ ತಣ್ಣಗಿರುವಾಗ ಮಿದುಳಿನ ಸಾವಿನ ಪರೀಕ್ಷೆಯನ್ನು ಮಾಡಬಾರದೆಂಬ ನಿಯಮವಿದೆ, ಏಕೆಂದರೆ ಚಳಿಯೊಂದೇ ಪ್ರತಿಕ್ರಿಯೆಗಳನ್ನು ಮಂಕಾಗಿಸಬಲ್ಲದು. ಅವರು ರಾತ್ರಿಯಿಡೀ ಬಿಸಿ ಮಾಡಿ ಬುಧವಾರ ಪರೀಕ್ಷಿಸಿದ್ದು ಆತುರವಲ್ಲ, ಎಚ್ಚರ.

ಅಟ್ರೋಪಿನ್ ವಿಷಯದಲ್ಲಿ ಆ ಕಿರಿಯ ವೈದ್ಯರು ಹೇಳಿದ್ದು ಸರಿ. ಆ ಔಷಧಿ ವೇಗಸ್ ನರದ ತಡೆಯನ್ನು ತೆಗೆದು ನಾಡಿಯನ್ನು ಏರಿಸುತ್ತದೆ. ತಡೆಯುವ ನರವೇ ಸತ್ತಿರುವಾಗ ತೆಗೆಯಲು ಏನೂ ಇರುವುದಿಲ್ಲ. ಕೆಲವು ಕಡೆ ಇದನ್ನೇ ಪೂರಕ ಪರೀಕ್ಷೆಯಾಗಿಯೂ ಬಳಸುತ್ತಾರೆ. ಇಂಥವರಲ್ಲಿ ನಾಡಿ ತೀರಾ ಇಳಿದರೆ ಹೃದಯದ ಮೇಲೆ ನೇರವಾಗಿ ಕೆಲಸ ಮಾಡುವ ಅಡ್ರಿನಲಿನ್, ಐಸೊಪ್ರಿನಲಿನ್‌ನಂಥ ಔಷಧಿಗಳು ಬೇಕು. ಆ ಮಾತನ್ನು ನಿಮಗೆ ಕೇಳಿಸುವಂತೆ ಆಡಿ, ಅರ್ಥವನ್ನು ಹೇಳದೆ ಹೋದದ್ದು ಮಾತ್ರ ತಪ್ಪು.

ನೋವಿನ ಪ್ರಶ್ನೆಗೆ ಬಹಳ ಜನ ಹಿಂಜರಿಯುತ್ತಾರೆ, ನೀವು ಕೇಳಿದ್ದು ಒಳ್ಳೆಯದಾಯಿತು. ಮಿದುಳು ಸತ್ತ ಮೇಲೂ ಬೆನ್ನುಹುರಿ ಜೀವಂತವಾಗಿರಬಲ್ಲದು. ಚರ್ಮವನ್ನು ಕೊಯ್ದಾಗ ಆ ಸಂದೇಶ ಬೆನ್ನುಹುರಿಯವರೆಗೆ ಹೋಗಿ, ಅಲ್ಲಿಂದಲೇ ಸಿಂಪಥೆಟಿಕ್ ನರಗಳ ಮೂಲಕ ಹಿಂದಿರುಗಿ ನಾಡಿಯನ್ನೂ ಒತ್ತಡವನ್ನೂ ಏರಿಸಬಹುದು. ನಿಮ್ಮ ಬಂಧು ಹೇಳಿದ್ದು ಆ ಮಟ್ಟಿಗೆ ನಿಜ. ಆದರೆ ನೋವು ಎಂಬ ಅನುಭವಕ್ಕೆ ಮಿದುಳು ಬೇಕು. ಸಂದೇಶ ಅಲ್ಲಿಗೆ ತಲುಪಿ ಅರಿವಾಗಬೇಕಾದ ಜಾಗವೇ ಉಳಿದಿರಲಿಲ್ಲ. ಅಂಥ ಸಮಯದಲ್ಲಿ ನಾವು ಒತ್ತಡ ಇಳಿಸುವ ಔಷಧಿಯನ್ನೂ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಿಯನ್ನೂ ಕೊಡುವುದು ದಾನಕ್ಕೆ ಹೊರಟ ಅಂಗಗಳನ್ನು ಕಾಪಾಡಲು.

ಹೃದಯವನ್ನು ಬಿಟ್ಟದ್ದಕ್ಕೆ ವಯಸ್ಸು, ಹಳೆಯ ರಕ್ತದೊತ್ತಡದಿಂದ ದಪ್ಪಗಾದ ಗೋಡೆ, ಬಿರುಗಾಳಿಯಲ್ಲಿ ದಣಿದ ಸ್ನಾಯು, ಇವೆಲ್ಲ ಕಾರಣಗಳಿರಬಹುದು. ಎಳೆಯ ವಯಸ್ಸಿನವರಲ್ಲಿ ಮೊದಲ ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿಲ್ಲದಿದ್ದರೂ ಕೆಲವು ಗಂಟೆಗಳ ಆರೈಕೆಯ ನಂತರ ಮತ್ತೆ ನೋಡಿದರೆ ಹೃದಯ ಸುಧಾರಿಸಿರುವುದುಂಟು.

ಉತ್ತರ 2: ಹಿರಿಯ ಶುಶ್ರೂಷಕಿ, ರಾಜಾಜಿನಗರ

ಡಾಕ್ಟರ್ ಸಾರ್ ಬರೆದದ್ದಕ್ಕೆ ಹಾಸಿಗೆಯ ಬದಿಯಿಂದ ಎರಡು ಮಾತು ಸೇರಿಸುತ್ತೇನೆ. ಉಸಿರಿನ ಕೊಳವೆಯೊಳಗಿನ ಕಫವನ್ನು ತೆಗೆಯಲು ನಾವು ಸಣ್ಣ ನಳಿಕೆಯನ್ನು ಇಳಿಸುತ್ತೇವೆ. ಎಷ್ಟೇ ಆಳದ ಪ್ರಜ್ಞಾಹೀನತೆಯಲ್ಲಿದ್ದರೂ ಮಿದುಳುಕಾಂಡ ಬದುಕಿದ್ದರೆ ಸಾಮಾನ್ಯವಾಗಿ ರೋಗಿ ಕೆಮ್ಮುತ್ತಾರೆ, ನಾಡಿಯ ಅಂಕಿ ಜಿಗಿಯುತ್ತದೆ. ಒಂದು ದಿನ ನಳಿಕೆ ಇಳಿಸಿದಾಗ ಕೆಮ್ಮೂ ಇಲ್ಲ, ಅಂಕಿಯೂ ಕದಲುವುದಿಲ್ಲ. ಪರೀಕ್ಷೆಗೆ ವೈದ್ಯರು ಬರುವ ಮೊದಲೇ ನಮ್ಮ ಕೈಗೆ ಅದು ಗೊತ್ತಾಗಿರುತ್ತದೆ. ಅದೇ ಹೊತ್ತಿಗೆ ಮೂತ್ರದ ಚೀಲ ಗಂಟೆಗಂಟೆಗೂ ತುಂಬತೊಡಗುತ್ತದೆ, ಏಕೆಂದರೆ ಮೂತ್ರವನ್ನು ಹಿಡಿದಿಡುವ ಹಾರ್ಮೋನು ಮಿದುಳಿನಿಂದ ಬರುವುದು ನಿಂತಿರುತ್ತದೆ. ಆ ಮೂತ್ರದ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಹೋದರೆ ಬಡಿತ ಮತ್ತೆ ತಾಳ ತಪ್ಪುತ್ತದೆ. ಹಾಗಾಗಿ ಪದೇ ಪದೇ ರಕ್ತ ತೆಗೆದು ನೋಡುತ್ತೇವೆ. ‘ಸತ್ತವರಿಗೆ ಯಾಕಮ್ಮ ಇಷ್ಟು ಸೂಜಿ’ ಎಂದು ಮನೆಯವರು ಕೇಳುವುದು ಆಗಲೇ.

ಕೆಲವರಲ್ಲಿ ಕೈಬೆರಳು ಅಲುಗುವುದೂ ಉಂಟು, ಅಪರೂಪಕ್ಕೆ ತೋಳೇ ಮೇಲೇಳುವುದೂ ಉಂಟು. ಅದೂ ಬೆನ್ನುಹುರಿಯದೇ. ಮೊದಲೇ ಹೇಳದಿದ್ದರೆ ನೋಡಿದವರ ಜೀವ ಬಾಯಿಗೆ ಬರುತ್ತದೆ.

ನನ್ನ ದೊಡ್ಡ ಬೇಸರ ನಾವು ಬಳಸುವ ಪದದ ಬಗ್ಗೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರು ಬೈಕ್ ಅಪಘಾತದಲ್ಲಿ ಗಾಯಗೊಂಡು, ಅವರ ಕುಟುಂಬ ಅಂಗಾಂಗ ದಾನ ಮಾಡಿದಾಗ ‘ಮಿದುಳು ನಿಷ್ಕ್ರಿಯ’ ಎಂಬ ಪದ ಮನೆಮನೆಗೆ ತಲುಪಿತು. ನಿಷ್ಕ್ರಿಯವಾದದ್ದು ನಾಳೆ ಸಕ್ರಿಯವಾಗಬಹುದಲ್ಲವೇ ಎಂದು ಕೇಳಿದವರಿಗೆ ಅನ್ನಿಸುವುದು ಸಹಜ. ಬ್ಯಾಂಕ್ ಖಾತೆಯೂ ನಿಷ್ಕ್ರಿಯವಾಗುತ್ತದೆ, ಅರ್ಜಿ ಕೊಟ್ಟರೆ ಮತ್ತೆ ಚಾಲ್ತಿಗೆ ಬರುತ್ತದೆ. ನಾನು ಮನೆಯವರ ಮುಂದೆ ‘ಮಿದುಳು ಸತ್ತಿದೆ’ ಎಂದೇ ಹೇಳುತ್ತೇನೆ. ಕೇಳಲು ಕಷ್ಟ, ಆದರೆ ಮುಂದೆ ನಿಮ್ಮ ಚಿಕ್ಕಮ್ಮನ ಹಾಗೆ ರಾತ್ರಿ ಎದ್ದು ಕೂರುವುದು ಕಡಿಮೆಯಾಗುತ್ತದೆ.

ಸಾಧ್ಯವಾದ ಕಡೆ ಮನೆಯವರೊಬ್ಬರು ಆಪ್ನಿಯಾ ಪರೀಕ್ಷೆಯನ್ನು ನಿಂತು ನೋಡುವುದು ಒಳ್ಳೆಯದು. ಆಮ್ಲಜನಕವನ್ನು ಬಿಡುತ್ತಲೇ ವೆಂಟಿಲೇಟರನ್ನು ಕಳಚಿ, ಎದೆ ಒಮ್ಮೆಯಾದರೂ ಏಳುತ್ತದೆಯೇ ಎಂದು ಎಂಟು ಹತ್ತು ನಿಮಿಷ ಕಾಯುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 60 ದಾಟಿದರೂ ಉಸಿರಿನ ಯತ್ನವೇ ಇಲ್ಲದಿದ್ದರೆ ಮಿದುಳುಕಾಂಡ ಇಲ್ಲವೆಂದು ತಿಳಿಯುತ್ತದೆ. ಆ ಹೊತ್ತಿನಲ್ಲಿ ಮಾನಿಟರಿನಲ್ಲಿ ಎದೆ ಬಡಿಯುತ್ತಲೇ ಇರುತ್ತದೆ, ಕಣ್ಣೆದುರಿನ ಎದೆಗೂಡು ಮಾತ್ರ ಅಲುಗುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡಿದವರು ಮತ್ತೆ ಆ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ಉತ್ತರ 3: ನಿವೃತ್ತ ವಕೀಲ, ಮಲ್ಲೇಶ್ವರ

ಕಾನೂನಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಿದುಳುಕಾಂಡದ ಸಾವೂ ಸಾವೇ. ಅದನ್ನು ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿ ಇರುವಂತಿಲ್ಲ. ನಮ್ಮ ರಾಜ್ಯದಲ್ಲಿ ಅಂಗಗಳ ಹಂಚಿಕೆಯನ್ನು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ. ಯಾವ ಅಂಗ ಯಾರಿಗೆಂದು ಆಸ್ಪತ್ರೆ ತನ್ನ ಮನಬಂದಂತೆ ತೀರ್ಮಾನಿಸುವಂತಿಲ್ಲ. ನಿಮ್ಮ ಬಳಿ ಇರುವ ಪ್ರಮಾಣಪತ್ರದಲ್ಲಿ ಎರಡೂ ಪರೀಕ್ಷೆಗಳ ಸಮಯವಿದೆಯೇ ನೋಡಿಕೊಳ್ಳಿ. ಕಾಗದಗಳ ಪ್ರತಿ ಬೇಕಿದ್ದರೆ ಆಸ್ಪತ್ರೆಗೆ ಲಿಖಿತವಾಗಿ ಕೇಳಿ, ಅದು ನಿಮ್ಮ ಹಕ್ಕು.

ಉತ್ತರ 4: ಹೃದಯ ಪಡೆದವರೊಬ್ಬರ ಪತ್ನಿ, ಯಲಹಂಕ

ನಾನು ವೈದ್ಯಕೀಯ ಬಲ್ಲವಳಲ್ಲ. ನನ್ನ ಯಜಮಾನರಿಗೆ ಹೃದಯ ಕಸಿಯಾಗಿ ಮೂರು ವರ್ಷಗಳಾಗಿವೆ. ಆ 88ರ ವಿಷಯವನ್ನು ಓದಿದಾಗ ಬರೆಯದೆ ಇರಲಾಗಲಿಲ್ಲ. ಕಸಿ ಮಾಡುವಾಗ ಹೃದಯಕ್ಕೆ ಹೋಗುವ ನರಗಳು ಕತ್ತರಿಸಿ ಹೋಗುತ್ತವಂತೆ. ಅವನ್ನು ಹೊಲಿದು ಜೋಡಿಸಲಾಗುವುದಿಲ್ಲವಂತೆ. ಹಾಗಾಗಿ ನಮ್ಮ ಮನೆಯಲ್ಲೂ ಒಂದು ಅಲುಗದ ಅಂಕಿ ಇತ್ತು. ಮಲಗಿದ್ದಾಗಲೂ 96, ಟಿವಿಯಲ್ಲಿ ಕ್ರಿಕೆಟ್ಟಿನ ಕೊನೆಯ ಓವರ್ ನೋಡುವಾಗಲೂ 96. ಮೆಟ್ಟಿಲು ಹತ್ತಿದರೆ ಒಡನೆ ಏರುವುದಿಲ್ಲ. ರಕ್ತದಲ್ಲಿ ಅಡ್ರಿನಲಿನ್ ಹರಿದು ಬಂದ ಮೇಲೆ ನಿಧಾನವಾಗಿ ಏರಿ, ಕುಳಿತ ಮೇಲೂ ಬಹಳ ಹೊತ್ತು ಇಳಿಯುವುದಿಲ್ಲ. ಅದಕ್ಕಾಗಿ ನಡಿಗೆಗೆ ಹೊರಡುವ ಮೊದಲು ಐದು ನಿಮಿಷ ಮೆಲ್ಲಗೆ ಕಾಲಾಡಿಸಬೇಕೆಂದು ವೈದ್ಯರು ಹೇಳಿದ್ದಾರೆ.

ಹೃದಯವನ್ನು ದೇಹದಿಂದ ಹೊರತೆಗೆದ ಮೇಲೆ ಸುಮಾರು ನಾಲ್ಕು ಗಂಟೆಯೊಳಗೆ ಜೋಡಿಸಬೇಕಂತೆ. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಚೆನ್ನೈಗೆ ಹೃದಯ ಕಳುಹಿಸಲು ಪೊಲೀಸರು ರಸ್ತೆ ತೆರವು ಮಾಡಿಕೊಟ್ಟದ್ದನ್ನು ಟಿವಿಯಲ್ಲಿ ನೋಡಿದ್ದಾಗ, ಒಂದು ದಿನ ಅಂಥದ್ದೇ ರಸ್ತೆ ನಮಗಾಗಿಯೂ ತೆರೆಯುತ್ತದೆಂದು ಯಾರು ಎಣಿಸಿದ್ದರು? ಕೊಟ್ಟವರು ಯಾರೆಂದು ನಮಗೆ ತಿಳಿಸುವುದಿಲ್ಲ. ರಾತ್ರಿ ಅವರ ಎದೆಯ ಮೇಲೆ ಕೈಯಿಟ್ಟಾಗ ಆ ಮನೆಯವರನ್ನು ನೆನೆಯುತ್ತೇನೆ. ನಿಮ್ಮ ಚಿಕ್ಕಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ಮರುಪ್ರಶ್ನೆ: ಗಿರಿನಗರ ವಾಸಿ

ಎಲ್ಲ ಉತ್ತರಗಳನ್ನೂ ಚಿಕ್ಕಮ್ಮನಿಗೆ ಓದಿ ಹೇಳಿದೆ. ಅಲುಗದ 88ರ ಭಾಗವನ್ನು ಎರಡು ಸಲ ಓದಿಸಿದರು. ‘ನಾನು ಕರೆದಾಗ ಅವರಿಗೆ ಕೇಳಿಸಿದ್ದರೆ ಅದು ಏರಬೇಕಿತ್ತು, ಅಲ್ವಾ?’ ಎಂದು ಕೇಳಿದರು. ಹೌದೆಂದೆ.

ಅವರಿಗೆ ಉಳಿದಿರುವುದು ಒಂದೇ ಪ್ರಶ್ನೆ. ಬುಧವಾರ ಸಂಜೆ ದಶಮಿಯಿತ್ತು. ಶಸ್ತ್ರಕ್ರಿಯಾ ಕೊಠಡಿಯಲ್ಲಿ ಎದೆಬಡಿತ ನಿಂತದ್ದು ಗುರುವಾರ, ಏಕಾದಶಿ. ಮಾಸಿಕಕ್ಕೆ ಯಾವ ತಿಥಿಯನ್ನು ಹಿಡಿಯಬೇಕೆಂದು ಪುರೋಹಿತರು ಕೇಳುತ್ತಿದ್ದಾರೆ. ಸಾವಿನ ಸಮಯ ಯಾವುದು?

ಉತ್ತರ: ಅರಿವಳಿಕೆ ಮತ್ತು ತೀವ್ರನಿಗಾ ವೈದ್ಯ, ಜಯನಗರ

ತಿಥಿಯನ್ನು ಹೇಳುವ ಅಧಿಕಾರ ನನಗಿಲ್ಲ, ಅದನ್ನು ಪುರೋಹಿತರೊಡನೆ ಕುಳಿತು ನೀವೇ ನಿರ್ಧರಿಸಬೇಕು. ವೈದ್ಯಕೀಯವಾಗಿ ಕೇಳಿದರೆ, ನಮ್ಮಲ್ಲಿ ಎರಡನೆಯ ಪರೀಕ್ಷೆಯಲ್ಲಿ ಮಿದುಳುಕಾಂಡದ ಸಾವು ದೃಢವಾದ ಸಮಯವನ್ನೇ ಸಾವಿನ ಸಮಯವೆಂದು ದಾಖಲಿಸುತ್ತೇವೆ. ಗುರುವಾರ ನಿಂತದ್ದು ಸೈನಸ್ ನೋಡಿನ ಮಿಡಿತ.

ಗಿರಿನಗರ ವಾಸಿ

ಕಾಗದವನ್ನು ತೆಗೆದು ನೋಡಿದೆವು. ಎರಡನೆಯ ಪರೀಕ್ಷೆ ಮುಗಿದದ್ದು ಬುಧವಾರ ಸಂಜೆ 7.40ಕ್ಕೆ ಎಂದಿದೆ. ಆ ಹೊತ್ತಿನಲ್ಲಿ ಚಿಕ್ಕಮ್ಮ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಅಂಗಡಿಯ ಹುಡುಗ ಆ ದಿನದ ಮಲ್ಲಿಗೆಯನ್ನು ಏನು ಮಾಡಬೇಕೆಂದು ಫೋನ್ ಮಾಡಿದ್ದು ಅವರಿಗೆ ನೆನಪಿದೆ. ದಶಮಿಯಂದೇ ಮಾಸಿಕವನ್ನು ಮಾಡೋಣ ಎಂದಿದ್ದಾರೆ.